ಗರಡಿಯ ದಂಡ, ಅಂಚೆಯ ಪಾಠ

ಶ್ರೀನಿವಾಸಪುರ ತಾಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರವಿರುವ ಊರು ರಾಯಲ್ಪಾಡು. ಇಂಥ ಊರಿನ ಹುಡುಗನೊಬ್ಬನಿಗೆ ಎದೆ ಅಗಲವಾಗಬೇಕೆಂಬ ಆಸೆ ಹುಟ್ಟಿತೆನ್ನಿ. ಮನೆಯಲ್ಲಿರುವುದು ಒಂದು ಜೊತೆ ಡಂಬೆಲ್ಸ್, ಒಂದು ಕುರ್ಚಿ, ಮೈ ಚಾಚುವಷ್ಟು ನೆಲ. ಬೆಂಚು, ಯಂತ್ರಗಳಿಲ್ಲದೆ ಇದು ಆಗುವ ಮಾತೇ ಎಂದು ಕೈಚೆಲ್ಲುವ ಮೊದಲು ಅವನು ಪಕ್ಕದ ಮುಳಬಾಗಿಲು ತಾಲೂಕಿನ ದೇವರಾಯಸಮುದ್ರವನ್ನು ನೆನೆಯಬೇಕು. ತಮ್ಮ ಕಾಲದಲ್ಲಿ ಮೈಕಟ್ಟಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಕೆ.ವಿ. ಅಯ್ಯರ್ ಹುಟ್ಟಿದ್ದು ಅಲ್ಲಿಯೇ, 19ನೇ ಶತಮಾನದ ಕೊನೆಯ ವರ್ಷಗಳಲ್ಲಿ.

ಆಗ ಜಿಮ್ ಎಂಬ ಮಾತು ಹಳ್ಳಿಗಳಿಗೆ ಬಂದಿರಲಿಲ್ಲ; ಇದ್ದದ್ದು ಗರಡಿಮನೆ. ಕೆಮ್ಮಣ್ಣಿನ ಅಖಾಡ, ಗದೆ, ಎತ್ತಲು ಒಂದೆರಡು ಗುಂಡುಕಲ್ಲು. ಎದೆಯ ಮಟ್ಟಿಗೆ ಇವಾವುವೂ ಮುಖ್ಯವಲ್ಲ. ಎದೆ ಕಟ್ಟಿದ್ದು ದಂಡ. ಎರಡು ಕೈ, ಎರಡು ಕಾಲು ಊರಿ, ಸೊಂಟವನ್ನು ಮೇಲೆತ್ತಿ, ಎದೆ ನೆಲಕ್ಕೆ ತಾಗಿತೋ ಎಂಬಂತೆ ಜಾರಿಸಿ, ತಲೆಯೆತ್ತಿ, ಮತ್ತೆ ಹಿಂದಕ್ಕೆ ಬರುವುದು. ಎದೆ, ಭುಜ, ತೋಳಿನ ಹಿಂಭಾಗ ಮೂರೂ ಒಟ್ಟಿಗೆ ದುಡಿಯುತ್ತವೆ. ಖರ್ಚು ಒಂದು ಲಂಗೋಟಿಯದು ಮಾತ್ರ! 1910ರಲ್ಲಿ ಲಂಡನ್ನಿಗೆ ಹೋಗಿ ಜಬಿಸ್ಕೊನಂಥ ಜಟ್ಟಿಯನ್ನು ಎದುರಿಸಿದ ಗಾಮಾ ಪೈಲ್ವಾನ್ ಬೆಳೆದದ್ದೂ ದಂಡ, ಬಸ್ಕಿಗಳಿಂದಲೇ.

ಇದೇ ಕಾಲಕ್ಕೆ ಯೂರೋಪಿನಿಂದ ಇನ್ನೊಂದು ಗಾಳಿ ಬೀಸಿತು. ಯೂಜೆನ್ ಸ್ಯಾಂಡೋ 1904-05ರಲ್ಲಿ ಭಾರತದಲ್ಲಿ ಪ್ರದರ್ಶನ ನೀಡಿದ. ತೋಳಿಲ್ಲದ ಬನಿಯನ್ನಿಗೆ ಇಂದಿಗೂ ಅಂಟಿಕೊಂಡಿರುವುದು ಈತನದೇ ಹೆಸರು. ಗರಡಿಗೆ ಶಕ್ತಿ ಬೇಕಿದ್ದದ್ದು ಕುಸ್ತಿಗಾಗಿ. ಸ್ಯಾಂಡೋ ಮೈಯನ್ನೇ ನೋಡುವ ವಸ್ತುವಾಗಿಸಿದ. ಸ್ಪ್ರಿಂಗ್ ಇಟ್ಟ ಡಂಬೆಲ್ಸ್ ಮತ್ತು ಪಾಠಗಳನ್ನು ಅಂಚೆಯಲ್ಲಿ ಮಾರಿದ. ಮುಂದೆ ಅಮೆರಿಕದ ಚಾರ್ಲ್ಸ್ ಅಟ್ಲಾಸ್ ಸಲಕರಣೆಯೇ ಬೇಡವೆಂದು, ಎರಡು ಕುರ್ಚಿಗಳ ನಡುವೆ ದಂಡ ಹೊಡೆಸಿ ದೊಡ್ಡ ವ್ಯಾಪಾರವನ್ನೇ ಕಟ್ಟಿದ.

ಅಯ್ಯರ್ ಈ ಎರಡು ದಾರಿಗಳು ಕೂಡುವ ಕಡೆ ನಿಂತರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಬಾರ್‌ಬೆಲ್ಲಿನ ಜೊತೆಗೆ ಆಸನ, ಸೂರ್ಯನಮಸ್ಕಾರಗಳನ್ನೂ ಸೇರಿಸಿದರು. ನಮಸ್ಕಾರದಲ್ಲಿಯೂ ಕೈಗಳ ಮೇಲೆ ಮೈಭಾರ ಬಿಟ್ಟು ಎದೆ ಇಳಿಸುವ ಒಂದು ಹಂತವುಂಟು. ದಂಡಕ್ಕೂ ಅದಕ್ಕೂ ನಂಟು ಹತ್ತಿರದ್ದು. ದೂರದವರಿಗೆ ಅವರು ಅಂಚೆ ಮೂಲಕವೂ ಪಾಠ ಕಳಿಸುತ್ತಿದ್ದರು.

ಆದರೆ ಅಂಚೆಗೆ ಒಂದು ಕೊರತೆ. ಗರಡಿಯಲ್ಲಿ ಉಸ್ತಾದ್ ನಿಂತು ನೋಡುತ್ತಿದ್ದ: ಸೊಂಟ ಜೋತರೆ ಗದರುತ್ತಿದ್ದ, ಹೆಚ್ಚಾದರೆ ನಿಲ್ಲಿಸುತ್ತಿದ್ದ. ಕಾಗದಕ್ಕೆ ಆ ಕಣ್ಣಿಲ್ಲ. ಇಂದಿನ ಮೊಬೈಲಿಗೂ ಇಲ್ಲ. ಮನೆಯಲ್ಲಿ ಒಬ್ಬನೇ ಶುರುಮಾಡುವವನಿಗೆ ಬೆಂಚಿಗಿಂತ ದೊಡ್ಡ ಕೊರತೆ ಇದೇ.

ಬೆಂಚಿನ ಕೊರತೆಯನ್ನಂತೂ ನೆಲ ತುಂಬಿಕೊಡುತ್ತದೆ. ಜಪಾನಿನಲ್ಲಿ 18 ಮಂದಿ ಯುವಕರ ಮೇಲೆ ಎಂಟು ವಾರ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಗುರ ಭಾರದ ಬೆಂಚ್ ಪ್ರೆಸ್ ಮಾಡಿದವರಿಗೂ ಅಷ್ಟೇ ಶ್ರಮದ ಪುಷ್-ಅಪ್ ಹೊಡೆದವರಿಗೂ ಎದೆಯ ಸ್ನಾಯು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆಯಿತು. ಅಧ್ಯಯನ ಚಿಕ್ಕದು ನಿಜ, ಆದರೆ ಗರಡಿಯವರಿಗೆ ಇದು ಹೊಸ ಸುದ್ದಿಯೇನಲ್ಲ. ಪುಷ್-ಅಪ್ಪಿನಲ್ಲಿ ಕೈಗಳು ಹೊರುವುದು ಮೈತೂಕದ ಸುಮಾರು ಮೂರನೇ ಎರಡು ಭಾಗ, ಮಂಡಿಯೂರಿದರೆ ಅರ್ಧದಷ್ಟು. ಹೊಸಬ ಮಂಡಿಯಿಂದಲೇ ತೊಡಗುವುದರಲ್ಲಿ ನಾಚಿಕೆಯಿಲ್ಲ.

ತಪ್ಪುವುದು ಅನಂತರ. ಗರಡಿಯ ಲೆಕ್ಕ ಸಂಖ್ಯೆಯದು: ಇಂದು 20 ದಂಡ, ನಾಳೆ 25, ಹೀಗೇ ನೂರಾರು. ಅದರಿಂದ ದಮ್ಮು ಬೆಳೆಯುತ್ತದೆ. ಎದೆ ತುಂಬಿಕೊಳ್ಳಬೇಕಾದರೆ ಒಂದು ಹಂತದ ಮೇಲೆ ಭಾರವೂ ಏರಬೇಕು. 20 ಸಲೀಸಾದರೆ ಕಾಲನ್ನು ಕುರ್ಚಿಯ ಮೇಲಿಡಬಹುದು, ಎದೆಯ ಮೇಲ್ಭಾಗಕ್ಕೆ ಕೆಲಸ ಹೆಚ್ಚುತ್ತದೆ. ಬೆನ್ನಿಗೆ ಪುಸ್ತಕದ ಚೀಲ ಕಟ್ಟಬಹುದು. ಡಂಬೆಲ್ಸನ್ನು ನೆಲದಲ್ಲಿ ಅಂಗಾತ ಮಲಗಿ ಎತ್ತಬಹುದು. ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಭುಜ ಅತಿಯಾಗಿ ಹಿಂದಕ್ಕೆ ಜಗ್ಗುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಸಾಕು, ಸ್ನಾಯು ಬೆಳೆಯಲು ನಡುವೆ ಬಿಡುವು ಬೇಕು. ಎದೆಯೊಂದನ್ನೇ ದುಡಿಸಿ ಬೆನ್ನನ್ನು ಮರೆತವನ ಭುಜ ಮುಂದಕ್ಕೆ ಬಾಗೀತು. ಅದೇ ಡಂಬೆಲ್ಸನ್ನು ಬಗ್ಗಿ ಹಿಂದಕ್ಕೆಳೆಯುವ ಸಾಮೂ ಜೊತೆಗಿರಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಯ್ಯರರ ವ್ಯಾಯಾಮಶಾಲೆ ಎದ್ದಿತು. ಕೈಲಾಸಂ ಅಲ್ಲಿಗೆ ಬರುತ್ತಿದ್ದರು. ಅಯ್ಯರ್ 1980ರಲ್ಲಿ ತೀರಿಕೊಂಡರು. ಈಗ ಅವರ ಹೆಸರೆತ್ತಿದರೆ ಕನ್ನಡಿಗರಿಗೆ ನೆನಪಾಗುವುದು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳು. ಅವುಗಳನ್ನು ಬರೆದ ಕೈ ಬಾರ್‌ಬೆಲ್ ಹಿಡಿದದ್ದೆಂದು ಬಲ್ಲವರು ಕಡಿಮೆ.