ದುರ್ಗದ ಕಥೆ, ನೆರೆಸೀಮೆಯ ಮೌನ

ನಮ್ಮಲ್ಲಿ ಬಹುಮಂದಿಗೆ ಇತಿಹಾಸವು ಶಾಸನಗಳಿಂದ ಬಂದುದಲ್ಲ; ಕಾದಂಬರಿ ಚಲನಚಿತ್ರಗಳಿಂದ ಬಂದುದು. ಅದರಲ್ಲಿ ನಾಚುವಂಥದೇನೂ ಇಲ್ಲ. ಆದರೆ ಅವು ನಮಗೆ ಏನನ್ನು ಕೊಡುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ಒಮ್ಮೆ ಯೋಚಿಸಬೇಕು. ಈಚೆಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿ ಮುಗಿಸಿ, ಅದರ ಬೆನ್ನಿಗೇ ‘ನಾಗರಹಾವು’ ಚಿತ್ರವನ್ನು ನೋಡಿದಾಗ ಈ ವಿಚಾರ ಮನಸ್ಸಿಗೆ ಬಂತು. ಚಿತ್ರದ ಕಥೆಗೆ ಆಧಾರವೂ ತ.ರಾ.ಸು. ಅವರ ಕಾದಂಬರಿಗಳೇ, ಎರಡಕ್ಕೂ ನೆಲೆ ಚಿತ್ರದುರ್ಗದ ಬಂಡೆಗಳೇ.

‘ದುರ್ಗಾಸ್ತಮಾನ’ ಪ್ರಕಟವಾದದ್ದು 1982ರಲ್ಲಿ. ಲೇಖಕರು 1984ರಲ್ಲಿ ತೀರಿಕೊಂಡರು. ಮರುವರ್ಷ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದುದು ಓದುಗನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಯಾರು ಗೆದ್ದರು ಎಂಬುದಕ್ಕಿಂತ ದುರ್ಗ ಏಕೆ ಬಿದ್ದಿತು ಎಂಬುದೇ ಇಲ್ಲಿಯ ಪ್ರಶ್ನೆ. ಒಂದು ಕಡೆ ಹೈದರ, ಇನ್ನೊಂದು ಕಡೆ ಮರಾಠರು. ಯಾರ ಕೈ ಹಿಡಿದರೂ ಮತ್ತೊಬ್ಬರ ಮುನಿಸು ತಪ್ಪದು. ಚಿಕ್ಕ ರಾಜ್ಯದ ಈ ಸಂಕಟ ಮನಮುಟ್ಟುವಂತೆ ಬಂದಿದೆ. ಒಂದು ಆಕ್ಷೇಪವೂ ಉಂಟು: ಕೊನೆಯ ಮದಕರಿನಾಯಕನ ಮೇಲಿನ ಮಮತೆ ಅತಿಯಾಗಿ, ವಿವೇಚಿಸುವ ಮುನ್ನವೇ ನಮ್ಮ ಕಣ್ಣು ತುಂಬುತ್ತದೆ.

ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಮುಖ್ಯವಾಗಿ ರಾಮಾಚಾರಿಯೆಂಬ ತರುಣನ ಕಥೆ. ಓಬವ್ವನ ಪ್ರಸಂಗಕ್ಕೆ ಅದರಲ್ಲಿ ದೊರೆತಿರುವುದು ಕೆಲವೇ ನಿಮಿಷ. ಆದರೂ ಜಯಂತಿಯವರು ಒನಕೆ ಹಿಡಿದು ನಿಂತ ಆ ನಿಮಿಷಗಳು ಮನೆಮನೆಯ ನೆನಪಾಗಿ ಉಳಿದಿವೆ. ಕಾದಂಬರಿ ಅರಸನಿಗಾಗಿ ಮರುಗಿದರೆ ಚಿತ್ರ ಕಾವಲುಗಾರನ ಹೆಂಡತಿಗೆ ತಲೆಬಾಗಿತು. ಇದು ನನಗೆ ಮೆಚ್ಚಿಗೆಯಾದ ಮಾತು. ಆದರೆ ಶತ್ರುವನ್ನು ತಡೆದ ಕಿಂಡಿ ನಮಗೆ ನೆನಪಿರುತ್ತದೆ, ಮುಂದೆ ಬಿದ್ದುಹೋದ ಕೋಟೆ ಮರೆತುಹೋಗುತ್ತದೆ. ಚಿತ್ರವನ್ನು ನೋಡಿದವರು ಕಾದಂಬರಿಯನ್ನೂ ಓದಬೇಕಾದದ್ದು ಇದಕ್ಕಾಗಿಯೇ.

ಇನ್ನು ದುರ್ಗದ ನೆರೆಸೀಮೆಯ ಮಾತು. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯವರಿಗೆ ಇದು ಮನೆಯ ಕಥೆ. ಆ ವರ್ಷ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದ ಕಡೆಯಿಂದ ಚನ್ನಗಿರಿ, ಹೊನ್ನಾಳಿಗಳೂ ಅದಕ್ಕೆ ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಇವುಗಳಿಗೂ ಹದಿನೆಂಟನೆಯ ಶತಮಾನ ಬರಿದಾಗಿ ಹೋಗಲಿಲ್ಲ. ಲಂಬಾಣಿಗರ ಗುರು ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬಲಾದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಆ ಕಾಲದ ದಂಡುಗಳಿಗೆ ಎತ್ತುಗಳ ಮೇಲೆ ದವಸ ಹೊತ್ತು ತರುತ್ತಿದ್ದವರು ಲಂಬಾಣಿಗರು. ಕೋಟೆಯ ಕಥೆಯಲ್ಲಿ ಕತ್ತಿ ಹಿಡಿದವರ ಹೆಸರಿರುತ್ತದೆ, ಕಾಳು ತಂದವರದು ಇರುವುದಿಲ್ಲ.

ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನ ಬಾಳು ಕಾದಂಬರಿಗಿಂತ ಸ್ವಾರಸ್ಯವಾದದ್ದು. ಹೈದರನ ರಾವುತನಾಗಿದ್ದವನು ಟಿಪ್ಪುವಿನ ಸೆರೆಯಾಳಾದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆ ಹೊಂದಿ, ದಂಡು ಕಟ್ಟಿ, ತಾನು ಉಭಯ ಲೋಕಗಳ ಅರಸನೆಂದು ಸಾರಿದ. ಅವನ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಕೊನೆಗಾಣಿಸಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿ. ಸತ್ತವನ ಎಳೆಯ ಮಗನನ್ನು ಸಾಕುವ ಏರ್ಪಾಡನ್ನೂ ಅವನೇ ಮಾಡಿದ. ಧೋಂಡಿಯ ದರೋಡೆಕೋರನೋ ಬಂಡಾಯಗಾರನೋ ಎಂದು ಕೇಳಿದರೆ, ನಾವು ಹೆಚ್ಚಾಗಿ ತೆರೆದು ನೋಡಬೇಕಾಗುವುದು ಅವನನ್ನು ಕೊಂದವರ ಪತ್ರಗಳನ್ನೇ.

ತ.ರಾ.ಸು. ಅವರು 1920ರಲ್ಲಿ ಹುಟ್ಟಿದ್ದು ಈ ಸೀಮೆಗೆ ಹೊಂದಿಕೊಂಡ ಮಲೇಬೆನ್ನೂರಿನಲ್ಲಿ. ಊರಿನ ಕಥೆಯನ್ನು ಊರ ಕಡೆಯವರೇ ಹೇಳಿದರೆ ಸೋತವನಿಗೂ ಒಂದು ಮನಸ್ಸಿತ್ತೆಂಬುದು ತಿಳಿಯುತ್ತದೆ. ದುರ್ಗಕ್ಕೆ ಆ ಭಾಗ್ಯ ದೊರೆಯಿತು. ಚನ್ನಗಿರಿಯ ರಾವುತನಿಗೂ ನ್ಯಾಮತಿಯ ಎತ್ತಿನವರಿಗೂ ಅದು ದೊರೆಯಬೇಕು.