ಮಕ್ಕಳ ಕಣ್ಣೂ ಮನೆಯ ಬೆಣ್ಣೆಯೂ

ದೀಪ ಹಚ್ಚುವ ಹೊತ್ತಿಗೆ ಮಗುವೊಂದು ನಡುಮನೆಯಲ್ಲಿ ತಡವರಿಸುತ್ತದೆ. ಎದುರಿಗಿಟ್ಟ ತಟ್ಟೆಯನ್ನು ಕೈಯಾಡಿಸಿ ಹುಡುಕುತ್ತದೆ. ಹಗಲೆಲ್ಲ ಓಡಾಡಿದ ಅದೇ ಮಗು ಸಂಜೆಯಾದೊಡನೆ ತಾಯಿಯ ಸೆರಗನ್ನು ಬಿಡಲೊಲ್ಲದು. ಹಿರಿಯರು ಇದನ್ನು ಇರುಳುಗುರುಡೆಂದು ಕರೆದರು. ಇದು ದೊಡ್ಡದೊಂದು ಆಪತ್ತಿನ ಮುನ್ಸೂಚನೆಯೆಂಬುದೂ, ಆ ಆಪತ್ತನ್ನು ಆಹಾರದಿಂದಲೇ ತಡೆಯಬಹುದೆಂಬುದೂ ಮನುಷ್ಯನಿಗೆ ಹೇಗೆ ತಿಳಿದುಬಂದಿತೆಂಬುದನ್ನು ಶ್ರೋತೃಗಳ ಮುಂದೆ ಸಂಕ್ಷೇಪವಾಗಿ ನಿವೇದಿಸುವುದೇ ಈ ಭಾಷಣದ ಉದ್ದೇಶ.

ಈ ರೋಗದ ಮದ್ದು ಬಹಳ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಇರುಳುಗುರುಡಿಗೆ ಹಿಪ್ಪಲಿಯೊಡನೆ ಆಡಿನ ಯಕೃತ್ತನ್ನು ಹೇಳಿದೆ. ಹಿಪ್ಪೊಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ಗ್ರಂಥಗಳಲ್ಲಿಯೂ ಎತ್ತಿನ ಯಕೃತ್ತನ್ನು ಜೇನಿನೊಡನೆ ತಿನ್ನಿಸಬೇಕೆಂದಿದೆ. ಆದರೆ ಯಕೃತ್ತಿನಲ್ಲಿರುವ ಯಾವ ವಸ್ತುವು ಕಣ್ಣನ್ನು ಕಾಯುತ್ತದೆಂಬುದು ಇವರಾರಿಗೂ ತಿಳಿದಿರಲಿಲ್ಲ.

1863ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಬೀಟೋ ಎಂಬಾತನು ಇರುಳುಗುರುಡಿದ್ದ ಅನಾಥಮಕ್ಕಳ ಬಿಳಿಗುಡ್ಡೆಯ ಮೇಲೆ ನೊರೆಯಂತಹ ಮಚ್ಚೆಗಳನ್ನು ಕಂಡು ವರ್ಣಿಸಿದನು. ಅವುಗಳಿಗೆ ಇಂದಿಗೂ ಅವನ ಹೆಸರೇ ಇದೆ. 1904ರಲ್ಲಿ ಜಪಾನಿನ ಮೋರಿ ಎಂಬ ವೈದ್ಯನು, ಸಾವಿರಕ್ಕೂ ಮಿಕ್ಕ ಮಕ್ಕಳಲ್ಲಿ ಕಣ್ಣು ಒಣಗಿ ಕೆಡುವ ರೋಗವನ್ನು ಪರೀಕ್ಷಿಸಿ ವರದಿಮಾಡಿದನು. ಮೀನುಗಾರರ ಮಕ್ಕಳಲ್ಲಿ ಅದು ಕಾಣಲಿಲ್ಲ. ಮೀನೆಣ್ಣೆಯನ್ನೂ ಕೋಳಿಯ ಯಕೃತ್ತನ್ನೂ ಕೊಟ್ಟಾಗ ಗುಣವಾಯಿತು. ಆಹಾರದಲ್ಲಿ ಜಿಡ್ಡಿನ ಕೊರತೆಯೇ ಕಾರಣವೆಂದು ಅವನು ಊಹಿಸಿದನು. ಆ ಊಹೆಯು ಸತ್ಯಕ್ಕೆ ಬಹು ಸಮೀಪವಾಗಿದ್ದಿತು. ಆದರೆ ಎಲ್ಲ ಜಿಡ್ಡೂ ಒಂದೇ ಅಲ್ಲ.

ಅದನ್ನು 1913ರಲ್ಲಿ ಅಮೆರಿಕದ ವಿದ್ವಾಂಸರು ತೋರಿಸಿಕೊಟ್ಟರು. ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಒಂದೆಡೆ, ಆಸ್‌ಬರ್ನ್ ಮತ್ತು ಮೆಂಡಲ್ ಮತ್ತೊಂದೆಡೆ, ಇಲಿಗಳನ್ನು ಸಾಕಿ ನೋಡಿದರು. ಬೆಣ್ಣೆಯ ಜಿಡ್ಡನ್ನು ತಿಂದ ಇಲಿಗಳು ಬೆಳೆದವು. ಹಂದಿಕೊಬ್ಬನ್ನು ತಿಂದವು ಸೊರಗಿದವು. ಬೆಣ್ಣೆಯಲ್ಲಿದ್ದ ಈ ವಸ್ತುವಿಗೆ 1920ರಲ್ಲಿ ವಿಟಮಿನ್ 'ಎ' ಎಂಬ ಹೆಸರಾಯಿತು.

ಇಷ್ಟರಲ್ಲಿ ಡೆನ್ಮಾರ್ಕಿನಲ್ಲಿ ಒಂದು ವಿಚಿತ್ರ ಸಂಗತಿ ನಡೆದಿದ್ದಿತು. ಹಾಲುಬೆಣ್ಣೆಗೆ ಹೆಸರಾದ ದೇಶವದು. ಆದರೂ ಅಲ್ಲಿಯ ಬಡಮಕ್ಕಳು ಕುರುಡಾಗುತ್ತಿದ್ದರು. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಬ್ಲಾಕ್ ಎಂಬಾತನು ಕಾರಣವನ್ನು ಹುಡುಕಿದನು. ಬೆಣ್ಣೆಯೆಲ್ಲವೂ ಹೆಚ್ಚು ಬೆಲೆಗೆ ಹೊರದೇಶಕ್ಕೆ ಹೋಗುತ್ತಿದ್ದಿತು; ಬಡವರ ಮನೆಗೆ ಉಳಿಯುತ್ತಿದ್ದುದು ಕೆನೆ ತೆಗೆದ ಹಾಲು ಮತ್ತು ಮಾರ್ಗರೀನ್ ಎಂಬ ಅಗ್ಗದ ಕೃತಕ ಬೆಣ್ಣೆ. ಒಂದು ಅನಾಥಾಲಯದಲ್ಲಿ ಕೆನೆಹಾಲು ಕುಡಿಯುತ್ತಿದ್ದ ಭಾಗದ ಮಕ್ಕಳು ಕ್ಷೇಮವಾಗಿದ್ದರು. ಅದು ದೊರೆಯದ ಭಾಗದ ಮಕ್ಕಳ ಕಣ್ಣುಗಳು ಕೆಟ್ಟವು. 1917ರ ಕೊನೆಗೆ ಯುದ್ಧದ ದೆಸೆಯಿಂದ ಮಾರ್ಗರೀನಿಗೆ ಬೇಕಾದ ಎಣ್ಣೆಗಳ ಆಮದು ನಿಂತಿತು. ಸರ್ಕಾರವು ಬೆಣ್ಣೆಗೆ ಪಡಿತರವನ್ನು ಗೊತ್ತುಮಾಡಿ, ತಲೆಗೆ ವಾರಕ್ಕೆ 250 ಗ್ರಾಂ ಕೈಗೆಟಕುವ ಬೆಲೆಗೆ ಕೊಡಿಸಿತು. 1918ರಲ್ಲಿ ಆ ರೋಗವು ಹೆಚ್ಚುಕಡಮೆ ಮಾಯವಾಯಿತು. 1919ರಲ್ಲಿ ಪಡಿತರವು ನಿಂತು ಮಾರ್ಗರೀನ್ ಬಂದೊಡನೆ ಮತ್ತೆ ತಲೆದೋರಿತು. ಯಾವ ವೈದ್ಯನೂ ಮಾಡಲಾರದ ಪರೀಕ್ಷೆಯನ್ನು ಯುದ್ಧವು ಒಂದು ದೇಶದ ಮಕ್ಕಳ ಮೇಲೆ ಮಾಡಿತ್ತು.

ಈ ಜೀವಸತ್ವವು ಅಕ್ಷಿಪಟದಲ್ಲಿ ಮಂದಬೆಳಕನ್ನು ಗ್ರಹಿಸುವ ವರ್ಣದ್ರವ್ಯದ ಭಾಗವೆಂಬುದನ್ನು ಮುಂದೆ ಜಾರ್ಜ್ ವಾಲ್ಡ್ ಕಂಡುಹಿಡಿದು, 1967ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಇದು ಕಡಮೆಯಾದಾಗ ಮೊದಲು ಸಂಜೆಯ ನೋಟ ಮಂಕಾಗುತ್ತದೆ. ಆಮೇಲೆ ಕಣ್ಣು ಒಣಗಿ, ಕರಿಗುಡ್ಡೆಯ ಮುಂದಣ ಪಾರದರ್ಶಕ ಪಟಲವು ಮೆದುವಾಗಿ ಕರಗುತ್ತದೆ. ಇರುಳುಗುರುಡು ಮಾತ್ರವಿರುವಾಗ ಗುಣಪಡಿಸುವುದು ಸುಲಭ. ಪಟಲವು ಕರಗಿದ ಮೇಲೆ ಹೋದ ದೃಷ್ಟಿಯನ್ನು ಆಹಾರವಾಗಲಿ ಔಷಧವಾಗಲಿ ಮರಳಿ ತಾರದು.

ದಕ್ಷಿಣ ಭಾರತದಲ್ಲಿಯೂ ಈ ಪಿಡುಗು ಹೆಚ್ಚಾಗಿದ್ದಿತು. ಕೂನೂರಿನ ಪೋಷಣ ಸಂಶೋಧನಾಲಯದ ಅಯ್‌ಕ್ರಾಯ್ಡರೂ ಮದರಾಸಿನ ಕಣ್ಣಿನ ಆಸ್ಪತ್ರೆಯ ರೈಟರೂ 1937ರಲ್ಲಿ, ಕ್ಯಾರೊಟೀನ್ ತುಂಬಿದ ಕೆಂಪು ತಾಳೆಯೆಣ್ಣೆಯಿಂದ ಇಂತಹ ರೋಗಿಗಳಿಗೆ ಚಿಕಿತ್ಸೆಮಾಡಿದ ವಿಷಯವನ್ನು ಪ್ರಕಟಿಸಿದರು. ಕ್ಯಾರೊಟೀನ್ ಎಂಬುದು ಸೊಪ್ಪು ಹಣ್ಣುಗಳಲ್ಲಿದ್ದು ದೇಹದೊಳಗೆ ವಿಟಮಿನ್ 'ಎ' ಆಗಿ ಮಾರ್ಪಡತಕ್ಕ ವಸ್ತು. ಆ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಹೋಯಿತು. ಅಲ್ಲಿಯ ಪ್ರಯೋಗಗಳ ಆಧಾರದ ಮೇಲೆ 1970ರಲ್ಲಿ, ಒಂದರಿಂದ ಐದು ವರ್ಷದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ 'ಎ' ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು.

ಇದು ಕಣ್ಣಿನ ಮಾತಷ್ಟೇ ಅಲ್ಲವೆಂದು 1980ರ ದಶಕದಲ್ಲಿ ಇಂಡೊನೇಷ್ಯದಿಂದ ತಿಳಿದುಬಂದಿತು. ಆಲ್‌ಫ್ರೆಡ್ ಸೋಮರ್ ಮತ್ತು ಅವನ ಜೊತೆಗಾರರು, ಇರುಳುಗುರುಡಿನ ಮಕ್ಕಳು ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಸಾಯುವುದನ್ನು ಕಂಡರು. ಸುಮಾತ್ರದ ಹಳ್ಳಿಗಳಲ್ಲಿ ವಿಟಮಿನ್ ಕೊಡಿಸಿದಾಗ ಮಕ್ಕಳ ಮರಣವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಮೆಯಾಯಿತೆಂದು 1986ರಲ್ಲಿ ಪ್ರಕಟಿಸಿದರು.

ಈ ಚರಿತ್ರೆಯಿಂದ ತಾಯಂದಿರು ತಿಳಿಯಬೇಕಾದುದು ಕಷ್ಟದ ವಿಷಯವಲ್ಲ. ನುಗ್ಗೆಸೊಪ್ಪು, ಹರಿವೆಸೊಪ್ಪು, ಪರಂಗಿಹಣ್ಣು, ಮಾವಿನಹಣ್ಣು ನಮ್ಮ ಹಿತ್ತಲಿನವೇ. ಜೊತೆಗೆ ತುಸು ಜಿಡ್ಡಿದ್ದರೆ ಅವುಗಳ ಸತ್ವವು ಮೈಗೆ ಹತ್ತುತ್ತದೆ. ಎದೆಹಾಲನ್ನು ಬೇಗ ಬಿಡಿಸಬಾರದು. ವಿಟಮಿನ್ ದ್ರಾವಣವನ್ನು ಆರೋಗ್ಯ ಕಾರ್ಯಕರ್ತೆಯರ ಕೈಯಿಂದ ಕಾಲಕ್ಕೆ ಸರಿಯಾಗಿ ಕುಡಿಸಬೇಕು. ಮಿತಿಮೀರಿದರೆ ಅದೂ ಕೇಡು. ಬೆಣ್ಣೆಯನ್ನು ಸಂತೆಗೆ ಕಳುಹಿಸಿ ಮಕ್ಕಳಿಗೆ ನೀರುಮಜ್ಜಿಗೆಯನ್ನು ಉಳಿಸುವ ಮನೆಯು ಡೆನ್ಮಾರ್ಕಿನ ಕಥೆಯನ್ನು ಒಮ್ಮೆ ನೆನೆಯಲಿ. ಮಗು ಸಂಜೆ ಎಡವಿದರೆ ಗದರಿಸಬೇಡಿ. ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.