ಈಜುಕೊಳದ ಜಲಪಾತ

ಮನೆಯ ಈಜುಕೊಳದ ನೀರನ್ನೇ ಪಂಪಿನಿಂದ ಮೇಲೆತ್ತಿ, ಗೋಡೆ ಅಥವಾ ಬಂಡೆಯ ಅಂಚಿನಿಂದ ಮತ್ತೆ ಕೊಳಕ್ಕೆ ಧುಮುಕಿಸುವ ರಚನೆ. ಹೆಚ್ಚಿನವರು ಮೊದಲು ಬಂಡೆ ಆರಿಸಲು ಹೊರಡುತ್ತಾರೆ. ಆದರೆ ಜಲಪಾತದ ಚೆಲುವೆಲ್ಲ ನೀರು ಹೊರಳುವ ಅಂಚಿನಲ್ಲಿದೆ. ವಿನ್ಯಾಸ ಅಲ್ಲಿಂದ ಶುರುವಾಗಬೇಕು.

ಒಂದು ಮೀಟರ್ ಅಗಲದ ಅಂಚಿನಿಂದ ನೀರು ಒಡೆಯದೆ ತೆರೆಯಂತೆ ಬೀಳಬೇಕಾದರೆ ನಿಮಿಷಕ್ಕೆ ಸುಮಾರು 150ರಿಂದ 250 ಲೀಟರ್ ಹರಿವು ಬೇಕು. 200 ಲೀಟರ್ ಹರಿಯುವಾಗ ಅಂಚಿನ ಹಿಂದೆ ನೀರು ನಿಲ್ಲುವುದು ಸುಮಾರು 15 ಮಿಲಿಮೀಟರ್ ಮಾತ್ರ. ಹಾಗಾಗಿ ಒಂದು ತುದಿ 3 ಮಿಲಿಮೀಟರ್ ಎತ್ತರವಾದರೂ ಆ ಕಡೆಯ ಹರಿವು ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗಿ ತೆರೆ ಹರಿದುಹೋಗುತ್ತದೆ. ಗಾರೆ ಕೆಲಸದವರು ಲೆವೆಲ್ ಪೈಪ್ ಹಿಡಿದು ಎರಡೂ ತುದಿಯ ಮಟ್ಟ ನೋಡುವಾಗ ಮನೆಯವರು ಅವಸರ ಮಾಡಬಾರದು. ಅಂಚಿನ ಕಲ್ಲು ಗೋಡೆಯಿಂದ ಮುಂದೆ ಚಾಚಿರಬೇಕು, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ತೋಡು ಕೊರೆದಿರಬೇಕು. ಇಲ್ಲದಿದ್ದರೆ ನೀರು ಕಲ್ಲಿನ ತಳಕ್ಕೆ ಅಂಟಿಕೊಂಡು ಗೋಡೆಗುಂಟ ಜಾರುತ್ತದೆ.

ಮನೆಯಂಗಳಕ್ಕೆ 30ರಿಂದ 60 ಸೆಂಟಿಮೀಟರ್ ಎತ್ತರ ಸಾಕು. ಅದಕ್ಕಿಂತ ಹೆಚ್ಚಾದಷ್ಟೂ ಸದ್ದು, ಎರಚಲು, ಆವಿಯಾಗುವ ನೀರು ಹೆಚ್ಚುತ್ತವೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು. ಅಂಥ ಊರಿನಲ್ಲಿ ಈ ನಷ್ಟ ಸಣ್ಣದಲ್ಲ.

ಕಡಿಮೆ ನೀರಿನಲ್ಲಿ ಹೆಚ್ಚು ಸೊಬಗು ತರುವ ಬಗೆಯನ್ನು ಮೊಘಲರ ತೋಟಗಳಿಂದ ಕಲಿಯಬಹುದು. ಕಾಶ್ಮೀರದ ನಿಶಾತ್ ಬಾಗ್‌ನಲ್ಲಿರುವ ‘ಚಾದರ್’ ಎಂಬ ಇಳಿಜಾರು ಕಲ್ಲುಹಾಸಿನ ಮೈ ಉಬ್ಬುತಗ್ಗಿನದು. ತೆಳುವಾಗಿ ಹರಿಯುವ ನೀರು ಅದರ ಮೇಲೆ ನೊರೆಯಾಗಿ ಒಡೆದು ಬಿಸಿಲಿಗೆ ಮಿನುಗುತ್ತದೆ. ಒರಟು ಮೈಯ ಗೋಡೆಯ ಮೇಲೆ ನೀರು ಇಳಿಸುವ ಇಂದಿನ ವಿನ್ಯಾಸವೂ ಇದೇ ಜಾತಿಯದು.

ನೀರು ಬೀಳುವಾಗ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ. ಅದನ್ನು ಇಳಿಸಲು ಹಾಕುವ ಆಮ್ಲ ಸುಣ್ಣದ ಕಲ್ಲನ್ನು ತಿನ್ನುತ್ತದೆ. ಆದ್ದರಿಂದ ಸುಣ್ಣದ ಜಾತಿಯ ಶಹಾಬಾದ್, ಕಡಪ ಕಲ್ಲುಗಳಿಗಿಂತ ಗ್ರಾನೈಟ್ ಜಾತಿಯ ಸಾದಹಳ್ಳಿ ಕಲ್ಲು ಲೇಸು.

ಸೋರಿಕೆ ಸಾಮಾನ್ಯವಾಗಿ ಬಂಡೆಗಳ ಹಿಂಬದಿಯಲ್ಲಿ, ಕಣ್ಣಿಗೆ ಬೀಳದಲ್ಲಿ ಆರಂಭವಾಗುತ್ತದೆ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಬಂಡೆ ಕೂರಿಸಿದರೆ ನೆಲ ಕುಸಿದು ಪೈಪಿನ ಜೋಡಣೆ ಬಿಡುತ್ತದೆ. ಗಟ್ಟಿ ಅಡಿಪಾಯ ಹಾಕಿ, ಜಲನಿರೋಧಕ ಪದರವನ್ನು ಬಂಡೆಗಳ ಹಿಂದಕ್ಕೂ ಏರಿಸಬೇಕು. ಜಲಪಾತಕ್ಕೆ ಪ್ರತ್ಯೇಕ ಪಂಪ್ ಇದ್ದರೆ ಬೇಕೆಂದಾಗ ಮಾತ್ರ ಓಡಿಸಬಹುದು. ಪಂಪಿನ ವಿದ್ಯುತ್ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಪೂರೈಕೆ ಕಡಿಯುವ ಸಾಧನ), ನೀರಿನೊಳಗಿನ ದೀಪಗಳಿಗೆ 12 ವೋಲ್ಟ್ ಪೂರೈಕೆ ಇರಲೇಬೇಕು.